ಗುರ್ಲಾಪುರ ಕ್ರಾಸಿನ ಕಬ್ಬು, ಜಿನೀವಾದ ಕಡತ

2025ರ ಅಕ್ಟೋಬರ್ ಕೊನೆಗೆ ಬೆಳಗಾವಿ ಜಿಲ್ಲೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಧರಣಿ ಕೂತರು. ಟನ್ನಿಗೆ 3,500 ರೂಪಾಯಿ ಕೊಡಿ ಎಂಬುದು ಬೇಡಿಕೆ. ಕಾರ್ಖಾನೆಗಳಲ್ಲಿ ನುರಿಸುವ ಹಂಗಾಮು ಶುರುವಾಗುವ ಹೊತ್ತು ಅದು. ಕಬ್ಬು ಹೊಲದಲ್ಲೇ ನಿಂತಷ್ಟೂ ರೈತನಿಗೆ ತೂಕ ಹೋಗುತ್ತದೆ, ಕಾರ್ಖಾನೆಗೆ ದಿನ ಹೋಗುತ್ತದೆ. ಧರಣಿ ಜಿಲ್ಲೆಯ ಬೇರೆ ತಾಲ್ಲೂಕುಗಳಿಗೂ ಪಕ್ಕದ ಬಾಗಲಕೋಟೆಯ ಮುಧೋಳದ ಕಡೆಗೂ ಹಬ್ಬಿತು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ನಡೆಸಿದ ಸಭೆಯಲ್ಲಿ ಶೇ 11.25 ಸಕ್ಕರೆ ಇಳುವರಿಯ ಕಬ್ಬಿಗೆ, ಕಟಾವು ಮತ್ತು ಸಾಗಣೆ ಖರ್ಚು ಬಿಟ್ಟು, 3,300 ರೂಪಾಯಿ ಎಂದು ತೀರ್ಮಾನವಾಯಿತು. ಅದರಲ್ಲಿ 3,250 ಕಾರ್ಖಾನೆಯದು, 50 ರೂಪಾಯಿ ರಾಜ್ಯ ಸರ್ಕಾರದ್ದು.

ಆ ಸಭೆಗೆ ಮುಂಚೆ ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದಿದ್ದರು. ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ನಿಗದಿ ಮಾಡುವುದು ಕೇಂದ್ರ; ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರುವರಿಯಿಂದ ಕೆಜಿಗೆ 31 ರೂಪಾಯಿಯಲ್ಲೇ ನಿಲ್ಲಿಸಿರುವುದು ಕೇಂದ್ರ; ರಫ್ತಿಗೆ ಮಿತಿ ಹಾಕಿರುವುದೂ ಕೇಂದ್ರ ಎಂಬುದು ಪತ್ರದ ಒಟ್ಟು ವಾದ. ಅದೇ ದಿನಗಳಲ್ಲಿ ಕೇಂದ್ರವು 2025-26ರ ಹಂಗಾಮಿಗೆ 15 ಲಕ್ಷ ಟನ್ ಸಕ್ಕರೆ ರಫ್ತಿಗೆ ಅನುಮತಿ ಕೊಟ್ಟಿತು. ಸಕ್ಕರೆಯ ವಿಷಯ ನೋಡುವ ಕೇಂದ್ರ ಆಹಾರ ಖಾತೆಯ ಸಚಿವ ಪ್ರಲ್ಹಾದ ಜೋಶಿ ನಮ್ಮ ಪಕ್ಕದ ಧಾರವಾಡದ ಸಂಸದರು.

ರೈತರು ಕಾರ್ಖಾನೆಯತ್ತ ನೋಡಿದರು, ಕಾರ್ಖಾನೆ ಬೆಂಗಳೂರಿನತ್ತ ನೋಡಿತು, ಬೆಂಗಳೂರು ದೆಹಲಿಯತ್ತ ಕೈ ತೋರಿತು. ದೆಹಲಿಯ ಆಚೆಗೂ ಒಂದು ಊರಿದೆ. ನಮ್ಮ ಎಫ್‌ಆರ್‌ಪಿ ಅಂತರರಾಷ್ಟ್ರೀಯ ಒಪ್ಪಂದವನ್ನು ಮೀರಿದೆ ಎಂದು ಬರೆದ ವಿಶ್ವ ವ್ಯಾಪಾರ ಸಂಘಟನೆಯ ತೀರ್ಪೊಂದು 2021ರ ಡಿಸೆಂಬರ್‌ನಿಂದ ಅದರ ಕಚೇರಿ ಇರುವ ಜಿನೀವಾದಲ್ಲಿ ಕೂತಿದೆ. ಜಾರಿಯಾಗಿಲ್ಲ, ರದ್ದೂ ಆಗಿಲ್ಲ. ಗುರ್ಲಾಪುರದ ಧರಣಿಯ ಸುದ್ದಿಗಳಲ್ಲಿ ಆ ತೀರ್ಪಿನ ಹೆಸರು ನನಗೆ ಕಾಣಲಿಲ್ಲ. ಕಬ್ಬು ಬೆಳೆಯುವ ಜಿಲ್ಲೆಯವರು ಅದನ್ನು ಓದಿಕೊಂಡಿರಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಅದಕ್ಕಾಗಿ ಈ ಬರಹ.

ದಾವೆ ಹುಟ್ಟಿದ ಬಗೆ

2017-18ರಲ್ಲಿ ದೇಶದ ಸಕ್ಕರೆ ಉತ್ಪಾದನೆ ಹಿಂದೆಂದೂ ಕಾಣದಷ್ಟು ಏರಿ 320 ಲಕ್ಷ ಟನ್ ದಾಟಿತು. ಮರುವರ್ಷ ಇನ್ನೂ ಹೆಚ್ಚಾಯಿತು. ದೇಶದೊಳಗೆ ಬೆಲೆ ಕುಸಿಯಿತು, ಕಾರ್ಖಾನೆಗಳು ಬಿಲ್ ಬಾಕಿ ಉಳಿಸಿಕೊಂಡವು. ಹೊರಗೆ ಕಳಿಸೋಣವೆಂದರೆ 2018ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಕಚ್ಚಾ ಸಕ್ಕರೆ ಪೌಂಡಿಗೆ 10 ಸೆಂಟ್‌ಗೆ ಇಳಿದಿತ್ತು. ಹತ್ತು ವರ್ಷಗಳಲ್ಲೇ ಕನಿಷ್ಠ ಬೆಲೆ ಅದು. ಅಂದಿನ ಡಾಲರ್ ಲೆಕ್ಕದಲ್ಲಿ ಕೆಜಿಗೆ ಸುಮಾರು 16 ರೂಪಾಯಿ. ಇತ್ತ 2018-19ರ ಎಫ್‌ಆರ್‌ಪಿ ಶೇ 10 ಇಳುವರಿಗೆ ಕ್ವಿಂಟಲಿಗೆ 275 ರೂಪಾಯಿ. ಒಂದು ಕೆಜಿ ಸಕ್ಕರೆಗೆ ಹತ್ತು ಕೆಜಿ ಕಬ್ಬು ಹಿಡಿದರೆ ಬರೀ ಕಬ್ಬಿನ ಖರ್ಚೇ 27 ರೂಪಾಯಿ 50 ಪೈಸೆ. ನುರಿಸುವ ಕೂಲಿ, ಬಡ್ಡಿ, ಚೀಲ ಎಲ್ಲ ಅದರ ಮೇಲೆ. ಈ ಬೆಲೆಯಲ್ಲಿ ಯಾವ ಕಾರ್ಖಾನೆಯೂ ತಾನಾಗಿ ರಫ್ತು ಮಾಡುವುದಿಲ್ಲ.

ಕೇಂದ್ರ ಸರ್ಕಾರ ಪ್ರತಿ ಕಾರ್ಖಾನೆಗೂ ಇಷ್ಟಿಷ್ಟು ಸಕ್ಕರೆಯನ್ನು ಹೊರಗೆ ಕಳಿಸಲೇಬೇಕು ಎಂದು ಪಾಲು ಹಂಚಿತು. 2018-19ಕ್ಕೆ ದೇಶದ ಒಟ್ಟು ಪಾಲು 50 ಲಕ್ಷ ಟನ್. ಆ ಪಾಲನ್ನು ಪೂರೈಸಿದ ಕಾರ್ಖಾನೆಯ ಪರವಾಗಿ, ನುರಿಸಿದ ಪ್ರತಿ ಕ್ವಿಂಟಲ್ ಕಬ್ಬಿಗೆ 13 ರೂಪಾಯಿ 88 ಪೈಸೆ ನೇರ ರೈತನ ಖಾತೆಗೆ. ಬಂದರಿನವರೆಗಿನ ಸಾಗಣೆಗೆ ಬೇರೆ ನೆರವು: ಬಂದರಿನಿಂದ 100 ಕಿ.ಮೀ. ಒಳಗಿನ ಕಾರ್ಖಾನೆಗೆ ಟನ್ನಿಗೆ 1,000 ರೂಪಾಯಿ, ಕರಾವಳಿ ರಾಜ್ಯದಲ್ಲಿದ್ದು ಅದಕ್ಕಿಂತ ದೂರದ್ದಕ್ಕೆ 2,500, ಕರಾವಳಿ ಇಲ್ಲದ ರಾಜ್ಯದ್ದಕ್ಕೆ 3,000. ಚಿಕ್ಕೋಡಿ, ಅಥಣಿ, ಜಮಖಂಡಿಯ ಕಾರ್ಖಾನೆಗಳು ಈ ನಡುವಿನ ಸಾಲಿಗೆ ಸೇರಿದವು. ಆ ವರ್ಷ ಈ ಭಾಗದಲ್ಲಿ ಬಾಕಿ ಬಿಲ್ ಪಡೆದವರ ಪಾಸ್‌ಬುಕ್ಕಿನಲ್ಲಿ ಬಿದ್ದ ಹಣದ ಒಂದು ತುಂಡು ಜಿನೀವಾದ ದಾವೆಯಲ್ಲಿ ಸಾಕ್ಷ್ಯವಾಗಿ ನಿಂತಿತು.

2019ರ ಮೊದಲ ತಿಂಗಳುಗಳಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಬೇರೆ ಬೇರೆಯಾಗಿ ದೂರು ಕೊಟ್ಟವು. ಕಡತಗಳ ಸಂಖ್ಯೆ ಡಿಎಸ್ 579, 580, 581. ಮೊದಲು ಮಾತುಕತೆ ಆಗಬೇಕು ಎಂಬುದು ನಿಯಮ. ಮಾತುಕತೆ ಮುರಿದ ಮೇಲೆ ಆಗಸ್ಟ್‌ನಲ್ಲಿ ದೂರು ವಿಚಾರಿಸಿ ತೀರ್ಪು ಕೊಡುವ ಪ್ಯಾನೆಲ್ ರಚನೆಗೆ ಒಪ್ಪಿಗೆ ಸಿಕ್ಕಿತು.

ದೂರು ಕೊಟ್ಟವರನ್ನು ಬೈದು ಮುಂದೆ ಹೋಗುವುದು ಸುಲಭ. ಆದರೆ ಆಸ್ಟ್ರೇಲಿಯಾದ ಸಕ್ಕರೆಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಹೊರದೇಶಕ್ಕೇ ಹೋಗುತ್ತದೆ. ಕ್ವೀನ್ಸ್‌ಲ್ಯಾಂಡಿನ ಕಬ್ಬು ಬೆಳೆಗಾರನಿಗೆ ಎಫ್‌ಆರ್‌ಪಿಯಂತಹ ಕಟ್ಟು ಇಲ್ಲ. ವಿಶ್ವ ಬೆಲೆ ಬಿದ್ದರೆ ಅವನ ಬಿಲ್ ಬೀಳುತ್ತದೆ. ನಮ್ಮ ಮಿಗತೆ ಸಕ್ಕರೆ ನೆರವಿನ ಬಲದಲ್ಲಿ ಅದೇ ಮಾರುಕಟ್ಟೆಗೆ ಇಳಿದಾಗ ಪೆಟ್ಟು ಬಿದ್ದದ್ದು ಅವನಿಗೆ. ಮೂಡಲಗಿಯ ರೈತನ ಸಂಕಟ ನಿಜವಾದರೆ ಅವನದೂ ನಿಜ.

156 ರೂಪಾಯಿ

ಈ ಪ್ರಕರಣದ ತಿರುಳು ಒಂದು ಗುಣಾಕಾರ-ಭಾಗಾಕಾರ. ಇದು ಗೊತ್ತಾಗದೆ ಉಳಿದದ್ದು ಗೊತ್ತಾಗುವುದಿಲ್ಲ, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ನೋಡೋಣ.

1994ರ ಏಪ್ರಿಲ್‌ನಲ್ಲಿ ಮೊರಾಕ್ಕೊದ ಮರ್ರಕೇಶ್‌ನಲ್ಲಿ ಸಹಿಯಾದ ಒಪ್ಪಂದಗಳಲ್ಲಿ ಕೃಷಿ ಒಪ್ಪಂದವೂ ಒಂದು. ಬೆಳೆಗೆ ಸರ್ಕಾರ ಕೊಡುವ ಬೆಂಬಲ ಇಷ್ಟನ್ನು ಮೀರಬಾರದು ಎಂದು ಅದು ಗೆರೆ ಎಳೆಯುತ್ತದೆ. ಭಾರತದಂತಹ ಅಭಿವೃದ್ಧಿಶೀಲ ದೇಶಕ್ಕೆ ಆ ಗೆರೆ ಬೆಳೆಯ ಒಟ್ಟು ಮೌಲ್ಯದ ಶೇ 10. ಬೆಂಬಲ ಎಷ್ಟೆಂದು ಅಳೆಯುವುದು ಹೇಗೆ? ಸರ್ಕಾರ ನಿಗದಿ ಮಾಡಿದ ಬೆಲೆಯಿಂದ ಒಂದು 'ಬಾಹ್ಯ ಉಲ್ಲೇಖ ಬೆಲೆ'ಯನ್ನು ಕಳೆಯಬೇಕು. ಉಳಿದದ್ದನ್ನು ಆ ಬೆಲೆಗೆ ಅರ್ಹವಾದ ಒಟ್ಟು ಬೆಳೆಯಿಂದ ಗುಣಿಸಬೇಕು. ಉಲ್ಲೇಖ ಬೆಲೆ ಅಂದರೆ ಈ ವರ್ಷದ ವಿಶ್ವ ಬೆಲೆಯಲ್ಲ. ಅದು 1986ರಿಂದ 88ರವರೆಗಿನ ಸರಾಸರಿ, ಒಪ್ಪಂದದಲ್ಲಿ ಶಾಶ್ವತವಾಗಿ ನೆಟ್ಟ ಗೂಟ. ಕಬ್ಬಿಗೆ ಭಾರತವೇ ಅಂದು ಬರೆದುಕೊಟ್ಟ ಸಂಖ್ಯೆ ಟನ್ನಿಗೆ ಸುಮಾರು 156 ರೂಪಾಯಿ.

ಆ ಕಾಲಕ್ಕೆ ಅದು ತೀರಾ ವಿಚಿತ್ರ ಸಂಖ್ಯೆಯಲ್ಲ. ಅಂದಿನ ಕೇಂದ್ರದ ಕನಿಷ್ಠ ಬೆಲೆಯೇ ಕ್ವಿಂಟಲಿಗೆ 20 ರೂಪಾಯಿ ಮುಟ್ಟಿರಲಿಲ್ಲ. ಈಗ 2018-19ರ ಎಫ್‌ಆರ್‌ಪಿಗೆ ಇದನ್ನು ಹಚ್ಚಿ ನೋಡಿ. ಟನ್ನಿಗೆ 2,750ರಲ್ಲಿ 156 ಕಳೆದರೆ 2,594. ಕಬ್ಬಿನ ಮೌಲ್ಯವನ್ನು ಎಫ್‌ಆರ್‌ಪಿಯಲ್ಲೇ ಹಿಡಿದರೆ ಬೆಂಬಲ ನೂರಕ್ಕೆ 94. ಅನುಮತಿ ಇರುವುದು 10. ಕಬ್ಬಿನ ಬೆಲೆಯ ಹೆಚ್ಚುಕಡಿಮೆ ಪೂರ್ತಿ ಸರ್ಕಾರದ ಕೊಡುಗೆ ಎಂದಂತಾಯಿತು.

ಈ ಲೆಕ್ಕವನ್ನು ಮೂಡಲಗಿ ಕಡೆಯ ನಮ್ಮ ಕಾಕಾನ ಮುಂದೆ ಬಿಡಿಸಿಟ್ಟೆ.

"ನೋಡ್ರಿ ಕಾಕಾ, ಅವರ ಲೆಕ್ಕದಾಗ ಒಂದ್ ಟನ್ ಕಬ್ಬಿನ ಬೆಲಿ ನೂರಾ ಐವತ್ತಾರು ರೂಪಾಯಿ. ಅದರ ಮ್ಯಾಲಿಂದೆಲ್ಲಾ ಸರ್ಕಾರ ಕೊಟ್ಟಿದ್ದಂತ."

"ನೂರಾ ಐವತ್ತಾರಾ? ಒಂದ್ ಟನ್ ಕಡದು ಗಾಡಿಗೆ ಹೇರೂ ಕೂಲಿನೂ ಆಗಂಗಿಲ್ಲಲೋ ತಮ್ಮಾ ಅದು. ಲೆಕ್ಕಾ ಮಾಡಾವ್ರು ಒಬ್ಬ ರೈತನ್ನರ ಕೇಳಿದ್ರೇನು?"

ಕಾಕಾನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕದ ಇನ್ನೊಂದು ಮಗ್ಗುಲು. 1987ರ ಸುಮಾರಿಗೆ ಡಾಲರಿಗೆ 13 ರೂಪಾಯಿ ಇತ್ತು, 2018-19ರಲ್ಲಿ 70ರ ಆಸುಪಾಸು. ಆ 156 ರೂಪಾಯಿಯನ್ನು ಅಂದಿನ ಡಾಲರಿಗೆ ತಿರುಗಿಸಿದರೆ 12 ಡಾಲರ್. ಆ 12 ಡಾಲರನ್ನು 2018-19ರ ರೂಪಾಯಿಗೆ ತಂದರೆ 840. ಬರೀ ಇಷ್ಟು ತಿದ್ದುಪಡಿ ಮಾಡಿದರೂ 94 ಇದ್ದದ್ದು 69ಕ್ಕೆ ಇಳಿಯುತ್ತದೆ. ಅಂದರೆ ನಮ್ಮ ಮೇಲೆ ಹೊರಿಸಿದ ಬೆಂಬಲದಲ್ಲಿ ಸುಮಾರು ಕಾಲು ಭಾಗ ರೂಪಾಯಿ ಬಿದ್ದದ್ದರಿಂದ ಬಂದದ್ದು. ಆದರೂ 69 ಎಂಬುದು 10ಕ್ಕಿಂತ ಬಹಳ ದೊಡ್ಡದು. ಸೂತ್ರ ಅನ್ಯಾಯದ್ದು ಎಂದು ಸಾಧಿಸಿದ ಮಾತ್ರಕ್ಕೆ ನಾವು ಗೆರೆಯೊಳಗೆ ಇದ್ದೇವೆ ಎಂದಾಗುವುದಿಲ್ಲ. ನಮ್ಮ ಕಡೆಯ ಭಾಷಣಗಳಲ್ಲಿ ಈ ಎರಡನೆಯ ಅರ್ಧ ಕೇಳಿಬರುವುದಿಲ್ಲ.

ಅನ್ಯಾಯ ಇನ್ನೂ ಆಳದಲ್ಲಿದೆ. 1994ಕ್ಕಿಂತ ಮೊದಲು ಹೇರಳವಾಗಿ ಸಬ್ಸಿಡಿ ಕೊಡುತ್ತಿದ್ದ ದೇಶಗಳಿಗೆ ಅದನ್ನು ಸ್ವಲ್ಪ ಕಡಿತ ಮಾಡಿ, ಉಳಿದದ್ದನ್ನು ಹಕ್ಕಾಗಿ ಇಟ್ಟುಕೊಳ್ಳಲು ಒಪ್ಪಂದ ಬಿಟ್ಟಿತು. ಅಮೆರಿಕಕ್ಕೆ ಹೀಗೆ ಸಿಕ್ಕ ಮಿತಿ ವರ್ಷಕ್ಕೆ 19.1 ಬಿಲಿಯನ್ ಡಾಲರ್, ಐರೋಪ್ಯ ಒಕ್ಕೂಟಕ್ಕೆ 72 ಬಿಲಿಯನ್ ಯೂರೊದ ಸುಮಾರು. ಆ ಹಣವನ್ನು ಬೇಕಾದರೆ ಒಂದೆರಡು ಬೆಳೆಗೆ ಸುರಿಯಬಹುದು. ಅಂದು ಹಾಗೆ ಕೊಡುವ ಶಕ್ತಿಯಿಲ್ಲದ ಭಾರತ ಬೆಂಬಲ ಶೂನ್ಯ ಎಂದು ಬರೆದುಕೊಟ್ಟಿತು. ಅದಕ್ಕೆ ಉಳಿದದ್ದು ಶೇ 10 ಮಾತ್ರ. ಭತ್ತಕ್ಕೆ 2013ರ ಬಾಲಿ ಸಮ್ಮೇಳನದಲ್ಲಿ ಸಿಕ್ಕ ತಾತ್ಕಾಲಿಕ ರಕ್ಷಣೆಯೂ ಕಬ್ಬಿಗೆ ಇಲ್ಲ. ಅದು ಆಹಾರ ಭದ್ರತೆಗಾಗಿ ಸರ್ಕಾರ ದಾಸ್ತಾನು ಮಾಡುವ ಧಾನ್ಯಗಳಿಗೆ ಮಾತ್ರ.

ಸರ್ಕಾರ ಕೊಡುವುದಿಲ್ಲ, ಕಾರ್ಖಾನೆ ಕೊಡುತ್ತದೆ

ಜಿನೀವಾದಲ್ಲಿ ಭಾರತದ ವಕೀಲರು ಮಂಡಿಸಿದ ಮುಖ್ಯ ವಾದ ಸರಳವಾಗಿತ್ತು. ಎಫ್‌ಆರ್‌ಪಿಯಲ್ಲಿ ಕಬ್ಬು ಕೊಳ್ಳುವುದು ಸರ್ಕಾರವಲ್ಲ, ಕಾರ್ಖಾನೆ. ಬೊಕ್ಕಸದಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಹಾಗಿದ್ದ ಮೇಲೆ ಇದು ಸರ್ಕಾರದ ಬೆಂಬಲ ಹೇಗಾದೀತು?

ಪ್ಯಾನೆಲ್ ಇದನ್ನು ಒಪ್ಪಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕೇಂದ್ರವೇ ಬೆಲೆ ನಿಗದಿ ಮಾಡುತ್ತದೆ, ಅದಕ್ಕಿಂತ ಕಡಿಮೆ ಕೊಟ್ಟರೆ ಕಾನೂನಿನ ಉಲ್ಲಂಘನೆ. ಕೊಳ್ಳುವವರು ಯಾರೇ ಇರಲಿ, ಬೆಳೆಗಾರನಿಗೆ ಬೆಲೆಯ ಭರವಸೆ ಕೊಟ್ಟದ್ದು ಸರ್ಕಾರ. ಮಾರುಕಟ್ಟೆ ಬೆಲೆಯ ಬೆಂಬಲ ಎನಿಸಿಕೊಳ್ಳಲು ಅಷ್ಟು ಸಾಕು. 2014-15ರಿಂದ 2018-19ರವರೆಗಿನ ಐದೂ ಹಂಗಾಮುಗಳಲ್ಲಿ ಭಾರತ ಶೇ 10ರ ಗೆರೆ ದಾಟಿದೆ ಎಂದು 2021ರ ಡಿಸೆಂಬರ್ 14ರಂದು ಹೊರಬಿದ್ದ ವರದಿ ಹೇಳಿತು. ರಫ್ತಿಗೆ ಹೆಣೆದ ನೆರವುಗಳೂ ನಿಷಿದ್ಧ. ಭಾರತ ತನ್ನ ಬದ್ಧತಾ ಪಟ್ಟಿಯಲ್ಲಿ ಸಕ್ಕರೆಗೆ ರಫ್ತು ಸಬ್ಸಿಡಿಯನ್ನು ಬರೆದುಕೊಂಡೇ ಇರಲಿಲ್ಲ. ವರದಿ ಅಂಗೀಕಾರವಾದ 120 ದಿನಗಳಲ್ಲಿ ಆ ನೆರವುಗಳನ್ನು ಹಿಂಪಡೆಯಬೇಕು ಎಂದು ಶಿಫಾರಸು ಮಾಡಿತು.

ನನಗೆ ಈ ಪ್ರಕರಣದಲ್ಲಿ ಬಹಳ ಮುಖ್ಯವೆನಿಸುವುದು ಭಾರತದ ಆ ವಾದವೇ. ಬೆಲೆ ನಾವು ನಿಗದಿ ಮಾಡುತ್ತೇವೆ, ಹಣ ಬೇರೆಯವರು ಕೊಡುತ್ತಾರೆ ಎಂದು ಜಿನೀವಾದಲ್ಲಿ ಹೇಳಿದ್ದು ರಕ್ಷಣೆಗಾಗಿ. ಅದೇ ವ್ಯವಸ್ಥೆಯ ಇನ್ನೊಂದು ತುದಿಯಲ್ಲಿ ನಿಂತವನು ನಮ್ಮ ರೈತ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ಶೇ 15 ಬಡ್ಡಿ ಎಂದು ಅದೇ 1966ರ ಆದೇಶದಲ್ಲಿದೆ. ಹಂಗಾಮು ಮುಗಿದು ತಿಂಗಳುಗಟ್ಟಲೆ ಆದರೂ ಬಿಲ್ ಬಾರದವರನ್ನು ಕೇಳಿ, ಆ ಬಡ್ಡಿಯನ್ನು ಕಣ್ಣಿನಿಂದ ಕಂಡವರು ಎಷ್ಟು ಜನ ಎಂದು. ಸಕ್ಕರೆ ಬೆಲೆ ಬಿದ್ದಾಗ ಕಾರ್ಖಾನೆ ಎಫ್‌ಆರ್‌ಪಿ ಕೊಡಲಾರೆ ಎನ್ನುತ್ತದೆ, ಸರ್ಕಾರ ಅದು ಕಾರ್ಖಾನೆಯ ಹೊಣೆ ಎನ್ನುತ್ತದೆ. ಬೆಲೆಯ ಭರವಸೆ ಕೊಟ್ಟವನು ಹಣದ ಹೊಣೆ ಹೊರಲಿಲ್ಲ ಎಂಬುದು ಗುರ್ಲಾಪುರದ ದೂರು. ಹಣ ಕೊಡದಿದ್ದರೂ ಭರವಸೆ ಕೊಟ್ಟವನೇ ಹೊಣೆ ಎಂಬುದು ಜಿನೀವಾದ ತೀರ್ಪು. ಎರಡೂ ಕಡೆ ಬೊಟ್ಟು ಇಟ್ಟಿರುವುದು ಒಂದೇ ಜಾಗಕ್ಕೆ. ತೀರ್ಪು ನಮ್ಮ ವಿರುದ್ಧ ಬಂದಿದೆ ಎಂಬ ಕಾರಣಕ್ಕೆ ಆ ಮಾತಿನ ಸತ್ಯವನ್ನು ನಾವು ತಳ್ಳಿಹಾಕಬಾರದು.

ನ್ಯಾಯಾಧೀಶರಿಲ್ಲದ ಪೀಠ

ತೀರ್ಪು ಬಂದು ಹತ್ತು ದಿನಗಳಲ್ಲಿ ಭಾರತ ಮೇಲ್ಮನವಿ ಹಾಕಲು ತೀರ್ಮಾನಿಸಿತು. ಆದರೆ ಮೇಲ್ಮನವಿ ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಇದು ಹೇಗಾಯಿತು ಎಂಬುದರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ನಡಿಗೆಯೇ ಕಾಣುತ್ತದೆ. 1995ಕ್ಕೆ ಮೊದಲು, ಈ ಸಂಘಟನೆಗಿಂತ ಹಿಂದಿನ ಗ್ಯಾಟ್ ಎಂಬ ವ್ಯಾಪಾರ ಒಪ್ಪಂದದ ಕಾಲದಲ್ಲಿ, ಸೋತ ದೇಶವೇ ತೀರ್ಪಿಗೆ ಅಡ್ಡ ನಿಲ್ಲಬಹುದಿತ್ತು. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಪು ಅಂಗೀಕಾರ. ವಿಶ್ವ ವ್ಯಾಪಾರ ಸಂಘಟನೆ ಹುಟ್ಟಿದಾಗ ಇದನ್ನು ತಲೆಕೆಳಗು ಮಾಡಿದರು: ಎಲ್ಲರೂ ಸೇರಿ ಬೇಡ ಎಂದರೆ ಮಾತ್ರ ತೀರ್ಪು ಬೀಳುತ್ತದೆ, ಇಲ್ಲದಿದ್ದರೆ ತಾನಾಗಿ ಅಂಗೀಕಾರ. ಗೆದ್ದ ದೇಶ ತನ್ನ ಗೆಲುವಿಗೆ ಬೇಡ ಎನ್ನುವುದುಂಟೇ? ಹೀಗಾಗಿ ತೀರ್ಪುಗಳಿಗೆ ಹಲ್ಲು ಬಂತು. ಅದರ ಮೇಲೆ ಏಳು ಸದಸ್ಯರ ಮೇಲ್ಮನವಿ ಪೀಠ; ಒಂದೊಂದು ಪ್ರಕರಣ ಕೇಳಲು ಮೂವರು ಬೇಕು.

ಆದರೆ ಆ ಏಳು ಜನರನ್ನು ನೇಮಿಸುವ ನಿಯಮ ಮಾತ್ರ ಹಳೆಯದೇ ಉಳಿಯಿತು: ಎಲ್ಲ ಸದಸ್ಯ ದೇಶಗಳ ಒಮ್ಮತ. ತೀರ್ಪನ್ನು ಒಂದು ದೇಶ ತಡೆಯಲಾರದು, ತೀರ್ಪು ಕೊಡುವವರನ್ನು ಒಂದು ದೇಶ ತಡೆಯಬಲ್ಲದು. ಅಮೆರಿಕ ಆ ಬಾಗಿಲನ್ನು ಬಳಸಿತು. 2016ರಲ್ಲಿ ಒಬಾಮಾ ಆಡಳಿತ ಕೊರಿಯಾದ ಸದಸ್ಯರೊಬ್ಬರ ಮರುನೇಮಕಕ್ಕೆ ಒಪ್ಪಲಿಲ್ಲ. 2017ರಿಂದ ಟ್ರಂಪ್ ಆಡಳಿತ ಯಾವ ನೇಮಕಕ್ಕೂ ಒಪ್ಪಲಿಲ್ಲ. ಆಮೇಲೆ ಬಂದ ಬೈಡನ್ ಕೂಡ ಅದನ್ನು ಸಡಿಲಿಸಲಿಲ್ಲ. ಪೀಠ ತನ್ನ ಅಧಿಕಾರ ಮೀರಿ ಹೊಸ ಕಾನೂನು ಮಾಡುತ್ತಿದೆ, 90 ದಿನಗಳ ಗಡುವು ಪಾಲಿಸುತ್ತಿಲ್ಲ ಎಂಬುದು ಅವರ ಆಕ್ಷೇಪ. ಒಬ್ಬೊಬ್ಬರದೇ ಅವಧಿ ಮುಗಿಯುತ್ತ ಬಂದು, 2019ರ ಡಿಸೆಂಬರ್ 10ಕ್ಕೆ ಇಬ್ಬರು ಒಟ್ಟಿಗೆ ನಿವೃತ್ತರಾದರು. ಅವರಲ್ಲಿ ಒಬ್ಬರು ನಮ್ಮ ದೇಶದ ಉಜಲ್ ಸಿಂಗ್ ಭಾಟಿಯಾ. ಉಳಿದದ್ದು ಚೀನಾದ ಒಬ್ಬ ಸದಸ್ಯೆ. 2020ರ ನವೆಂಬರ್‌ಗೆ ಅವರ ಅವಧಿಯೂ ಮುಗಿಯಿತು.

ಮೇಲ್ಮನವಿ ಇತ್ಯರ್ಥವಾಗುವವರೆಗೆ ಪ್ಯಾನೆಲ್ ವರದಿ ಅಂಗೀಕಾರವಾಗುವಂತಿಲ್ಲ. ಅಂಗೀಕಾರವಾಗದೆ ಆ 120 ದಿನ ಶುರುವಾಗುವುದಿಲ್ಲ. ಅದು ಶುರುವಾಗದೆ ಗೆದ್ದ ದೇಶಗಳಿಗೆ ನಮ್ಮ ಸರಕಿಗೆ ಸುಂಕ ಏರಿಸುವಂತಹ ಪ್ರತಿಕ್ರಮದ ಹಕ್ಕು ಬರುವುದಿಲ್ಲ. ಭಾರತ ಒಂದೇ ಹೀಗೆ ಮಾಡಿದ್ದಲ್ಲ. ಅಮೆರಿಕ ಸ್ವತಃ ಚೀನಾ ಮೇಲಿನ ಸುಂಕದ ಪ್ರಕರಣದಲ್ಲಿ, ಇಂಡೊನೇಷ್ಯಾ ನಿಕ್ಕೆಲ್ ಪ್ರಕರಣದಲ್ಲಿ ಇದೇ ದಾರಿ ಹಿಡಿದವು.

ಗ್ವಾಟೆಮಾಲಾದ ಪಾತ್ರ ಇಲ್ಲಿ ಗಮನಿಸಬೇಕಾದದ್ದು. ಈ ಪೀಠಕ್ಕೆ ಸದಸ್ಯರನ್ನು ನೇಮಿಸಿ ಎಂದು ವ್ಯಾಜ್ಯ ಇತ್ಯರ್ಥ ಮಂಡಳಿಯ ಸಭೆ ಸಭೆಗೂ ಒಂದು ಪ್ರಸ್ತಾವ ಬರುತ್ತದೆ. 130 ದೇಶಗಳ ಪರವಾಗಿ ಅದನ್ನು ಬಹುಕಾಲ ಮಂಡಿಸಿದ್ದು ಗ್ವಾಟೆಮಾಲಾ. ಸಕ್ಕರೆ ಪ್ರಕರಣದಲ್ಲಿ ಗೆದ್ದೂ ಏನೂ ಪಡೆಯದ ಸಣ್ಣ ದೇಶ ಅದು. ಪ್ರತಿ ಸಲವೂ ಅಮೆರಿಕ ಒಪ್ಪುವುದಿಲ್ಲ ಎನ್ನುತ್ತದೆ, ಪ್ರಸ್ತಾವ ಬೀಳುತ್ತದೆ. ಇದರ ನಡುವೆ ಕೆಲವು ದೇಶಗಳು 2020ರಲ್ಲಿ ತಮ್ಮತಮ್ಮಲ್ಲೇ ಒಂದು ತಾತ್ಕಾಲಿಕ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡವು. ಐರೋಪ್ಯ ಒಕ್ಕೂಟ, ಚೀನಾ ಅದರಲ್ಲಿವೆ. ನಮ್ಮ ಮೇಲೆ ದೂರು ಕೊಟ್ಟ ಮೂರೂ ದೇಶಗಳಿವೆ. ಭಾರತ ಸೇರಿಲ್ಲ. ಬ್ರೆಜಿಲ್ 2022ರಲ್ಲಿ, ಎದುರಾಳಿ ಹೀಗೆ ಖಾಲಿ ಪೀಠಕ್ಕೆ ಮೇಲ್ಮನವಿ ಹಾಕಿದರೆ ತಾನೇ ಪ್ರತಿಕ್ರಮ ಕೈಗೊಳ್ಳಲು ಅವಕಾಶ ಕೊಡುವ ಕಾನೂನು ಮಾಡಿಕೊಂಡಿತು. ನಮ್ಮ ತಲೆಯ ಮೇಲೆ ತೂಗುತ್ತಿರುವುದು ಜಿನೀವಾದ ಕತ್ತಿಗಿಂತ ಇದೇ.

ಖಾಲಿ ಪೀಠ ಇವತ್ತು ನಮಗೆ ರಕ್ಷಣೆ ಎನಿಸಬಹುದು. ನಾನು ಹಾಗೆ ನೋಡುವುದಿಲ್ಲ. ನಾಳೆ ಯಾವುದಾದರೂ ಬಲಾಢ್ಯ ದೇಶ ನಮ್ಮ ದ್ರಾಕ್ಷಿಗೋ ಜವಳಿಗೋ ಒಪ್ಪಂದ ಮೀರಿ ಸುಂಕ ಹಾಕಿದರೆ, ನಾವು ದೂರು ಹಿಡಿದು ಹೋಗಬೇಕಾದದ್ದು ಇದೇ ಪೀಠಕ್ಕೆ.

ಕಾಕಾನ ಪ್ರಶ್ನೆ

ಲೆಕ್ಕ ಮಾಡುವಾಗ ರೈತನನ್ನು ಕೇಳಿದರೇ? ಇಲ್ಲ. ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಮಾತನಾಡುವ ಹಕ್ಕು ಇರುವುದು ಸರ್ಕಾರಗಳಿಗೆ. ರೈತ ಸಂಘಕ್ಕೂ ಇಲ್ಲ, ಕಾರ್ಖಾನೆಗೂ ಇಲ್ಲ, ಕರ್ನಾಟಕ ರಾಜ್ಯಕ್ಕೂ ಇಲ್ಲ. ನಮ್ಮ ಸಂವಿಧಾನದಲ್ಲಿ ಕೃಷಿ ರಾಜ್ಯ ಪಟ್ಟಿಯ ವಿಷಯ. ಆದರೆ ಹೊರದೇಶಗಳೊಂದಿಗೆ ಒಪ್ಪಂದ ಕೇಂದ್ರದ ಕೆಲಸ, ಮತ್ತು 253ನೆಯ ವಿಧಿಯ ಪ್ರಕಾರ ಅಂತಹ ಒಪ್ಪಂದ ಜಾರಿಗೆ ಸಂಸತ್ತು ರಾಜ್ಯ ಪಟ್ಟಿಯ ವಿಷಯದಲ್ಲೂ ಕಾನೂನು ಮಾಡಬಹುದು. ಬೆಳಗಾವಿಯ ಕಬ್ಬಿನ ಮಾತು ಜಿನೀವಾ ತಲುಪಬೇಕಾದರೆ ದೆಹಲಿಯ ವಾಣಿಜ್ಯ ಸಚಿವಾಲಯದ ಮೂಲಕವೇ ಹೋಗಬೇಕು.

ಎದುರು ಕಡೆಯಲ್ಲೂ ಹಕ್ಕು ಸರ್ಕಾರಕ್ಕೇ. ಆದರೂ ಬ್ರೆಜಿಲ್‌ನ ಕಬ್ಬು ಉದ್ಯಮದ ಒಕ್ಕೂಟ, ಕ್ವೀನ್ಸ್‌ಲ್ಯಾಂಡಿನ ಬೆಳೆಗಾರರ ಸಂಘಗಳು ತಮ್ಮ ಸರ್ಕಾರದ ಹಿಂದೆ ಬಿದ್ದು, ಅಂಕಿಅಂಶ ಒದಗಿಸಿ ದಾವೆ ಹೂಡಿಸಿದವು. ಸಂಸ್ಥೆಯ ನಿಯಮ ಎಲ್ಲರಿಗೂ ಒಂದೇ. ತಯಾರಿ ಬೇರೆ ಬೇರೆ. ನಮ್ಮಲ್ಲಿ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಕರ್ನಾಟಕ ದೇಶದಲ್ಲಿ ಮೂರನೆಯ ದೊಡ್ಡ ಸಕ್ಕರೆ ರಾಜ್ಯ. ಒಂದು ಟನ್ ಕಬ್ಬಿಗೆ ನಿಜಕ್ಕೂ ಏನು ಖರ್ಚಾಗುತ್ತದೆ, ಅದರಲ್ಲಿ ನೀರು ಎಷ್ಟು, ಕೂಲಿ ಎಷ್ಟು, ಗೊಬ್ಬರ ಎಷ್ಟು ಎಂಬ ಲೆಕ್ಕವನ್ನು ಜಿನೀವಾದಲ್ಲಿ ನಿಲ್ಲುವಂತೆ ಕಟ್ಟಿಕೊಡುವ ಶಕ್ತಿ ಇಲ್ಲಿಯೇ ಇದೆ.

ಆಮೇಲೆ ಏನಾಯಿತು

ಜಾರಿಯಾಗದ ತೀರ್ಪೂ ನಡವಳಿಕೆಯನ್ನು ಬದಲಿಸುತ್ತದೆ. 2019-20ರಲ್ಲಿ ರಫ್ತಿಗೆ ಟನ್ನಿಗೆ 10,448 ರೂಪಾಯಿ ಕೊಟ್ಟ ಕೇಂದ್ರ 2020-21ರಲ್ಲಿ 6,000ಕ್ಕೆ ಇಳಿಸಿತು, ಹಂಗಾಮಿನ ನಡುವೆಯೇ 4,000ಕ್ಕೆ ತಂದಿತು, ಮುಂದಿನ ಹಂಗಾಮಿಗೆ ನಿಲ್ಲಿಸಿತು. ಇದಕ್ಕೆ ದಾವೆಯೊಂದೇ ಕಾರಣವಲ್ಲ; ವಿಶ್ವ ಬೆಲೆಯೂ ಏರಿತ್ತು. ನೆರವೇ ಇಲ್ಲದ 2021-22ರಲ್ಲಿ ಭಾರತ ಸುಮಾರು 110 ಲಕ್ಷ ಟನ್ ರಫ್ತು ಮಾಡಿ ದಾಖಲೆ ಬರೆಯಿತು. ಆಮೇಲೆ ಆಟ ತಿರುಗಿತು. 2022ರ ಜೂನ್‌ನಿಂದ ರಫ್ತಿಗೆ ನಿರ್ಬಂಧ ಬಂತು, 2023-24ರಲ್ಲಿ ಬಾಗಿಲು ಮುಚ್ಚಿತು, 2024-25ಕ್ಕೆ ಬರೀ 10 ಲಕ್ಷ ಟನ್. ಮಿಗತೆಯನ್ನು ಎಥನಾಲಿಗೆ ತಿರುಗಿಸಿ ಎಂದರು. ನಂಬಿ ಡಿಸ್ಟಿಲರಿಗೆ ಬಂಡವಾಳ ಹಾಕಿದ ಕಾರ್ಖಾನೆಗಳಿಗೆ 2023ರ ಡಿಸೆಂಬರ್‌ನಲ್ಲಿ ಏಕಾಏಕಿ ಕಬ್ಬಿನ ರಸ ಬಳಸಬೇಡಿ ಎಂದರು. ಜಿನೀವಾ ಹೇಳಿದ್ದು ರಫ್ತಿಗೆ ಸಬ್ಸಿಡಿ ಕೊಡಬೇಡಿ ಎಂದು. ರಫ್ತು ಮಾಡಬೇಡಿ ಎಂದಲ್ಲ. ಗುರ್ಲಾಪುರದಲ್ಲಿ ಬೆಲೆ ಬೀಳಿಸಿದ್ದರಲ್ಲಿ ಈ ದೇಶೀ ನಿರ್ಬಂಧಗಳ ಪಾಲು ದೊಡ್ಡದು. ಅದನ್ನು ಜಿನೀವಾದ ತಲೆಗೆ ಕಟ್ಟಲಾಗದು.

ದಾರಿ ಇಲ್ಲವೆಂದಲ್ಲ. ಇದೇ ಬ್ರೆಜಿಲ್, ಆಸ್ಟ್ರೇಲಿಯಾ, ಜೊತೆಗೆ ಥಾಯ್ಲೆಂಡ್ ಸೇರಿ ಐರೋಪ್ಯ ಒಕ್ಕೂಟದ ಸಕ್ಕರೆ ಸಬ್ಸಿಡಿಯ ವಿರುದ್ಧ ಹಿಂದೆ ದಾವೆ ಹೂಡಿದ್ದವು. 2005ರಲ್ಲಿ ಮೇಲ್ಮನವಿ ಪೀಠವೂ ಒಕ್ಕೂಟದ ವಿರುದ್ಧವೇ ತೀರ್ಪು ಕೊಟ್ಟಿತು. ಒಕ್ಕೂಟ 2006ರಿಂದ ಹಂತಹಂತವಾಗಿ ಸಕ್ಕರೆಯ ಖಾತರಿ ಬೆಲೆಯನ್ನು ಶೇ 36 ಇಳಿಸಿತು. ಆದರೆ ತನ್ನ ರೈತರನ್ನು ಬರಿಗೈಯಲ್ಲಿ ಬಿಡಲಿಲ್ಲ. ನಷ್ಟದ ಹೆಚ್ಚಿನ ಭಾಗವನ್ನು ನೇರ ಆದಾಯವಾಗಿ ಕೊಟ್ಟಿತು, ಈ ವರ್ಷ ಎಷ್ಟು ಬೆಳೆದೆ ಎಂಬುದಕ್ಕೆ ಕಟ್ಟದೆ. ಬೆಲೆಗೂ ಉತ್ಪಾದನೆಗೂ ಅಂಟದ ನೆರವಿಗೆ ಕೃಷಿ ಒಪ್ಪಂದದಲ್ಲಿ ಮಿತಿಯೇ ಇಲ್ಲ. ಎಷ್ಟು ಕೊಟ್ಟೆ ಎನ್ನುವುದಕ್ಕಿಂತ ಹೇಗೆ ಕೊಟ್ಟೆ ಎನ್ನುವುದನ್ನು ಆ ಒಪ್ಪಂದ ನೋಡುತ್ತದೆ. ಶ್ರೀಮಂತ ದೇಶಗಳು ಅದನ್ನು ಬೇಗ ಕಲಿತವು.

ಈ ಬೆಳಕಿನಲ್ಲಿ ರಾಜ್ಯ ಸರ್ಕಾರದ ಆ 50 ರೂಪಾಯಿಯನ್ನು ನೋಡಿ. ಟನ್ನಿನ ಲೆಕ್ಕದಲ್ಲಿ ಕೊಟ್ಟರೆ ಅದು ಶೇ 10ರ ಮಿತಿಯ ಎಣಿಕೆಗೆ ಬರುವ ಬೆಂಬಲ. ಅದೇ ಹಣವನ್ನು ಹಿಂದಿನ ಒಂದು ನಿಗದಿತ ಅವಧಿಯಲ್ಲಿ ಇದ್ದ ಭೂಮಿಯ ಲೆಕ್ಕದಲ್ಲಿ, ಈ ಸಲ ಕಬ್ಬು ಹಚ್ಚಿರಲಿ ಗೋವಿನಜೋಳ ಬಿತ್ತಿರಲಿ, ಕೊಟ್ಟರೆ ಎಣಿಕೆಯ ಹೊರಗೆ ಉಳಿಯುತ್ತದೆ. ಇನ್ನೊಂದು ಕಡೆ 2012ರಲ್ಲಿ ರಂಗರಾಜನ್ ಸಮಿತಿ ಹೇಳಿದ ಆದಾಯ ಹಂಚಿಕೆ ಸೂತ್ರ ಇದೆ: ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70 ರೈತನಿಗೆ. ಕರ್ನಾಟಕದ 2013ರ ಕಬ್ಬು ಖರೀದಿ ಕಾಯ್ದೆಯಲ್ಲಿ ಇದಕ್ಕೆ ಜಾಗವಿದೆ. ಕಾಕಂಬಿ, ಎಥನಾಲ್, ಸಹವಿದ್ಯುತ್ತಿನ ಲೆಕ್ಕಪುಸ್ತಕಗಳನ್ನು ಕಾರ್ಖಾನೆಗಳು ರೈತರ ಎದುರು ತೆರೆಯದ ಹೊರತು ಆ ಸೂತ್ರ ಕಾಗದದಲ್ಲೇ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಮೊದಲು ಹಿಡಿಯಬೇಕಾದ ಬೇಡಿಕೆ ಅದು.

ಉಲ್ಲೇಖ ಬೆಲೆಯನ್ನು ಇಂದಿನ ಕಾಲಕ್ಕೆ ತರಬೇಕು ಎಂದು ಭಾರತ ಬೇರೆ ದೇಶಗಳ ಜೊತೆಗೂಡಿ ವರ್ಷಗಳಿಂದ ಕೇಳುತ್ತಿದೆ. 166 ಸದಸ್ಯರ ಒಮ್ಮತ ಬೇಕಾದಲ್ಲಿ ಅದು ಬೇಗ ಆಗುವ ಕೆಲಸವಲ್ಲ. ಅಲ್ಲಿಯವರೆಗೆ ಲೆಕ್ಕ ಬೆಳೆಯುತ್ತಲೇ ಹೋಗುತ್ತದೆ. 2025-26ರ ಎಫ್‌ಆರ್‌ಪಿ ಶೇ 10.25 ಇಳುವರಿಗೆ ಟನ್ನಿಗೆ 3,550. ಅದರಲ್ಲಿ 156 ಕಳೆದರೆ 3,394. ನೂರಕ್ಕೆ 95ರ ಮೇಲೆ. ಡಿಸೆಂಬರ್ ಬಂದರೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರುತ್ತದೆ, ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ನಿಲ್ಲುತ್ತವೆ. ಮುಂದಿನ ಸಲ ಈ ಭಾಗದ ಶಾಸಕರು ಪ್ಯಾನೆಲ್ ವರದಿಯ ಕಬ್ಬಿನ ಭಾಗವನ್ನು ಕನ್ನಡಕ್ಕೆ ತರಿಸಿ ಸದನದ ಮೇಜಿನ ಮೇಲಿಡಲಿ. ಟನ್ನಿನ ಲೆಕ್ಕದ ನೆರವು ಭೂಮಿಯ ಲೆಕ್ಕಕ್ಕೆ ಬದಲಾದರೆ ಗೇಣಿಗೆ ಹೊಲ ಹಿಡಿದವನಿಗೆ ಅದು ಮುಟ್ಟುತ್ತದೆಯೇ, ಬರೀ ಪಹಣಿ ಇದ್ದವನಿಗೆ ಹೋಗುತ್ತದೆಯೇ ಎಂಬುದನ್ನು ಅಲ್ಲಿಯೇ ಇತ್ಯರ್ಥ ಮಾಡಲಿ.